ಮೊದಲ ಪದ ಹಿಡಿದರೆ ಸಾಕು: ಇಂಗ್ಲಿಷಿನ ನಿಯಮಿತ ಕ್ರಿಯಾಪದಗಳ ಕಾಲರೂಪಗಳು

ಇಂಗ್ಲಿಷ್ ವ್ಯಾಕರಣ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಹನ್ನೆರಡು ಕಾಲಗಳ ಪಟ್ಟಿ. ವರ್ತಮಾನದಲ್ಲಿ ನಾಲ್ಕು, ಭೂತದಲ್ಲಿ ನಾಲ್ಕು, ಭವಿಷ್ಯತ್ತಿನಲ್ಲಿ ನಾಲ್ಕು. ಒಂದೊಂದರಲ್ಲೂ ನಾನು, ನೀನು, ಅವನು, ಅವಳು, ಅವರು. ಅದು ಮುಗಿದ ಮೇಲೆ ನಿಷೇಧ, ಆಮೇಲೆ ಪ್ರಶ್ನೆ. ಹೀಗೆ ಗುಣಿಸುತ್ತಾ ಹೋದರೆ ಒಂದು ಕ್ರಿಯಾಪದಕ್ಕೆ ನೂರಕ್ಕೂ ಹೆಚ್ಚು ಸಾಲುಗಳು. ಅಷ್ಟನ್ನೂ ಬಾಯಿಪಾಠ ಮಾಡಿದವರಿದ್ದಾರೆ. ಆದರೆ ನಾಲ್ಕು ಜನರ ಎದುರು ಮಾತಿಗೆ ನಿಂತಾಗ ಆ ಪಟ್ಟಿ ನೆರವಿಗೆ ಬರುವುದಿಲ್ಲ. ಏಳನೆಯ ಸಾಲು ಯಾವುದೆಂದು ಮನಸ್ಸಿನಲ್ಲೇ ಹುಡುಕಿ ಯಾರೂ ಮಾತಾಡಲಾರರು.

ಪಟ್ಟಿಯನ್ನು ಬದಿಗಿಟ್ಟು ಕ್ರಿಯಾಪದವನ್ನೇ ನೋಡೋಣ. ‘ವಾಕ್’ ತೆಗೆದುಕೊಳ್ಳಿ, ನಮ್ಮ ‘ನಡೆ’. ಇಂಗ್ಲಿಷಿನಲ್ಲಿ ಇದಕ್ಕಿರುವ ರೂಪಗಳು ನಾಲ್ಕೇ: ವಾಕ್, ವಾಕ್ಸ್, ವಾಕ್ಟ್, ವಾಕಿಂಗ್. ಐದನೆಯದಿಲ್ಲ. ಮೂರನೆಯದರ ಕೊನೆಗೆ ಬರೆಯುವುದು ಇ ಮತ್ತು ಡಿ, ಕಿವಿಗೆ ಕೇಳುವುದು ‘ಟ್’. ಏಕೆಂಬುದನ್ನು ಮುಂದೆ ನೋಡೋಣ. ಎಸ್, ಇಡಿ, ಐಎನ್‌ಜಿ ಎಂಬ ಈ ಮೂರು ಬಾಲಗಳನ್ನು ಮಾತ್ರ ಅಂಟಿಸಿಕೊಂಡು ಕೆಲಸ ಮುಗಿಸುವ ಕ್ರಿಯಾಪದಗಳೇ ನಿಯಮಿತ ಕ್ರಿಯಾಪದಗಳು. ಕಾಲ್, ಪ್ಲೇ, ವಾಶ್, ಓಪನ್, ವರ್ಕ್ ಎಲ್ಲವೂ ಈ ಗುಂಪಿನವು. ‘ಗೋ, ವೆಂಟ್, ಗಾನ್’ ಎಂದು ವೇಷ ಬದಲಿಸುವವು ಬೇರೆ ಗುಂಪು. ಅವುಗಳ ಗೊಡವೆ ಸದ್ಯಕ್ಕೆ ಬೇಡ.

ಈಗ ನಮ್ಮ ‘ನಡೆ’ಯನ್ನು ನೋಡಿ. ನಡೆಯುತ್ತೇನೆ, ನಡೆಯುತ್ತೇವೆ, ನಡೆಯುತ್ತೀಯೆ, ನಡೆಯುತ್ತೀರಿ, ನಡೆಯುತ್ತಾನೆ, ನಡೆಯುತ್ತಾಳೆ, ನಡೆಯುತ್ತಾರೆ, ನಡೆಯುತ್ತದೆ, ನಡೆಯುತ್ತವೆ. ವರ್ತಮಾನ ಒಂದರಲ್ಲೇ ಒಂಬತ್ತು. ಭೂತಕಾಲಕ್ಕೆ ಬಂದರೆ ನಡೆದೆನು, ನಡೆದೆವು ಎಂದು ಶುರುವಾಗಿ ಮತ್ತೆ ಒಂಬತ್ತು. ಪುರುಷ, ಲಿಂಗ, ವಚನಗಳನ್ನೆಲ್ಲ ಕನ್ನಡದ ಕ್ರಿಯಾಪದ ತಾನೇ ಹೊರುತ್ತದೆ. ಆದ್ದರಿಂದಲೇ ‘ನಾಳೆ ಬರುತ್ತೇನೆ’ ಎಂದರೆ ಸಾಕು, ‘ನಾನು’ ಎನ್ನುವ ಅಗತ್ಯವಿಲ್ಲ. ‘ವಾಕ್ಟ್’ ಎಂಬುದಾದರೋ ಹೇಳುವುದು ಒಂದನ್ನೇ, ಕೆಲಸ ಹಿಂದೆ ನಡೆಯಿತು ಎಂಬುದನ್ನು. ನಡೆದವರು ಯಾರು, ಎಷ್ಟು ಮಂದಿ, ಹೆಣ್ಣೋ ಗಂಡೋ ಎಂಬುದೊಂದೂ ಅದರಲ್ಲಿಲ್ಲ. ಆ ಕೊರತೆ ತುಂಬಲು ‘ಐ’, ‘ಶೀ’, ‘ದೇ’ ಎಂಬ ಸರ್ವನಾಮಗಳನ್ನು ಇಂಗ್ಲಿಷ್ ಬಿಡುವಂತಿಲ್ಲ. ಒಂಬತ್ತು ರೂಪಗಳನ್ನು ಶಾಲೆಗೆ ಸೇರುವ ಮೊದಲೇ ಕಲಿತುಬಿಟ್ಟ ನಮಗೆ ನಾಲ್ಕು ರೂಪಗಳು ಭಾರವಾಗಬೇಕಾಗಿಲ್ಲ. ಭಾರವಾಗಿದ್ದರೆ ಅದು ಕಲಿಸಿದ ಬಗೆಯ ತಪ್ಪು ಎಂದೇ ನನ್ನ ನಂಬಿಕೆ.

ಆ ಒಂಟಿ ಎಸ್

ಪುರುಷ ಮತ್ತು ವಚನಗಳ ಗುರುತಾಗಿ ಇಂಗ್ಲಿಷಿನ ನಿಯಮಿತ ಕ್ರಿಯಾಪದದಲ್ಲಿ ಉಳಿದಿರುವುದು ಒಂದೇ ಒಂದು ಎಸ್. ಹಿಂದೆ ಅಲ್ಲೂ ಹೆಚ್ಚಿನ ಪ್ರತ್ಯಯಗಳಿದ್ದವು, ಸವೆಯುತ್ತಾ ಬಂದವು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಇಂದಿನ ಎಸ್ ಇರಬೇಕಾದ ಜಾಗದಲ್ಲಿ ‘ಎತ್’ ಎಂಬ ಹಳೆಯ ಪ್ರತ್ಯಯವನ್ನೇ ಕಾಣುತ್ತೇವೆ. ಈಗಿನ ನಿಯಮ ಇಷ್ಟು: ಮಾತು ಕೇಳುತ್ತಿರುವವರನ್ನೂ ಮಾತಾಡುತ್ತಿರುವವರನ್ನೂ ಬಿಟ್ಟು ಮೂರನೆಯವರೊಬ್ಬರು ಅಥವಾ ಒಂದು ವಸ್ತು ಕರ್ತೃವಾದರೆ, ಅದೂ ವರ್ತಮಾನದಲ್ಲಿ ಮಾತ್ರ, ಕ್ರಿಯಾಪದ ಎಸ್ ಪಡೆಯುತ್ತದೆ. ‘ಶೀ ವಾಕ್ಸ್’, ‘ದ ಬಾಯ್ ವಾಕ್ಸ್’.

ಕನ್ನಡಿಗರಿಗೆ ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು, ನಾಮಪದದ ಬಹುವಚನಕ್ಕೂ ಇದೇ ಎಸ್ ಬರುತ್ತದೆ. ಹುಡುಗ ಒಬ್ಬನೇ ಆದರೆ ಎಸ್ ಕ್ರಿಯಾಪದದ ಕಡೆ, ಹುಡುಗರು ಹಲವರಾದರೆ ಎಸ್ ಹುಡುಗರ ಕಡೆ: ‘ದ ಬಾಯ್ಸ್ ವಾಕ್’. ಎರಡನೆಯದು ನಮ್ಮ ಮರ್ಯಾದೆಯ ಮಾತು. ‘ಅಪ್ಪ ದಿನವೂ ನಡೆಯುತ್ತಾರೆ’ ಎನ್ನುವ ನಾಲಿಗೆಗೆ ಬಹುವಚನವೇ ಗೌರವ. ಇಂಗ್ಲಿಷಿನ ಕ್ರಿಯಾಪದಕ್ಕೆ ಗೌರವವಾಚಕ ಗೊತ್ತಿಲ್ಲ. ಅಪ್ಪ ಒಬ್ಬರೇ, ಆದ್ದರಿಂದ ‘ಮೈ ಫಾದರ್ ವಾಕ್ಸ್’. ಎಸ್ ಹಾಕಿದರೆ ಅಗೌರವವೇನೂ ಆಗುವುದಿಲ್ಲ.

ಅಧಿಕಾರವೆಲ್ಲ ಮೊದಲ ಪದಕ್ಕೆ

ಪಟ್ಟಿಯ ಬದಲು ಒಂದೇ ಒಂದು ಸೂತ್ರ ಕೊಡಿ ಎಂದರೆ ನಾನು ಕೊಡುವುದು ಇದನ್ನು: ವಾಕ್ಯದ ಕ್ರಿಯಾಭಾಗದಲ್ಲಿ ಪದಗಳು ಎಷ್ಟೇ ಇರಲಿ, ಕಾಲದ ಗುರುತು ಮೊದಲ ಪದದ ಮೇಲೆ ಮಾತ್ರ. ಆ ಎಸ್ ಕೂಡ ಮೊದಲ ಪದಕ್ಕೇ. ‘ನಾಟ್’ ಬಂದು ಕೂರುವುದು ಮೊದಲ ಪದದ ಪಕ್ಕದಲ್ಲಿ. ಪ್ರಶ್ನೆ ಕೇಳುವಾಗ ಎದ್ದು ವಾಕ್ಯದ ಮುಂದಕ್ಕೆ ಹೋಗುವುದೂ ಮೊದಲ ಪದವೇ.

‘ಶೀ ಈಸ್ ವಾಕಿಂಗ್’ ಎಂಬಲ್ಲಿ ಮೊದಲ ಪದ ‘ಈಸ್’. ಭೂತಕಾಲ ಬೇಕೆಂದರೆ ಅದು ‘ವಾಸ್’ ಆಗುತ್ತದೆ. ‘ವಾಕಿಂಗ್’ ಇದ್ದಂತೆಯೇ ಇರುತ್ತದೆ. ನಿಷೇಧ ಬೇಕೆಂದರೆ ‘ಶೀ ಈಸ್ ನಾಟ್ ವಾಕಿಂಗ್’. ಪ್ರಶ್ನೆಯಾದರೆ ‘ಈಸ್ ಶೀ ವಾಕಿಂಗ್?’ ಬದಲಾದದ್ದು, ಜರುಗಿದ್ದು ಮೊದಲ ಪದ ಮಾತ್ರ.

‘ಶೀ ವಾಕ್ಸ್’, ‘ಶೀ ವಾಕ್ಟ್’ ಎಂಬಲ್ಲಿ ಇರುವುದೇ ಒಂದು ಪದ. ಮುಖ್ಯ ಕ್ರಿಯಾಪದ ಹೀಗೆ ಒಂಟಿಯಾಗಿರುವಾಗ ‘ನಾಟ್’ ಅದನ್ನು ನೇರವಾಗಿ ಮುಟ್ಟುವುದಿಲ್ಲ, ಪ್ರಶ್ನೆಗೂ ಅದು ಜಾಗ ಬಿಟ್ಟು ಏಳುವುದಿಲ್ಲ. ಆಗ ‘ಡೂ’ ಎಂಬ ಸಹಾಯಕ ಬರುತ್ತದೆ. ಅದು ಬಂದೊಡನೆ ಮೊದಲ ಪದದ ಸ್ಥಾನ ಅದರದು. ಎಸ್ ಅದಕ್ಕೆ ವರ್ಗವಾಗಿ ‘ಡಸ್’ ಆಗುತ್ತದೆ, ಭೂತಕಾಲ ಅದಕ್ಕೆ ವರ್ಗವಾಗಿ ‘ಡಿಡ್’ ಆಗುತ್ತದೆ. ಮುಖ್ಯ ಕ್ರಿಯಾಪದದ ಮೈಮೇಲೆ ಏನೂ ಉಳಿಯುವುದಿಲ್ಲ: ‘ಶೀ ಡಸ್ ನಾಟ್ ವಾಕ್’, ‘ಶೀ ಡಿಡ್ ನಾಟ್ ವಾಕ್’, ‘ಡಿಡ್ ಶೀ ವಾಕ್?’

‘ಡಿಡ್ ನಾಟ್ ವಾಕ್ಟ್’ ಎನ್ನುವ ತಪ್ಪು ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ ಪದವಿ ಮುಗಿಸಿದವರ ಪತ್ರಗಳಲ್ಲೂ ಕಾಣಿಸುತ್ತದೆ. ಅದನ್ನು ಕಿತ್ತೊಗೆಯಲು ಬೇಕಾದ ತಿಳಿವಳಿಕೆ ಕನ್ನಡದಲ್ಲೇ ಇದೆ. ‘ನಡೆದಳು’ ಎಂಬುದನ್ನು ನಿಷೇಧಕ್ಕೆ ತಿರುಗಿಸಿ. ‘ನಡೆಯಲಿಲ್ಲ’. ಭೂತಕಾಲದ ‘ದ’ ಎಲ್ಲಿ ಹೋಯಿತು? ಇಲ್ಲ. ‘ಳು’ ಎಲ್ಲಿ? ಅದೂ ಇಲ್ಲ. ನಾನೂ ನಡೆಯಲಿಲ್ಲ, ಅವಳೂ ನಡೆಯಲಿಲ್ಲ, ಅವರೂ ನಡೆಯಲಿಲ್ಲ. ಎಲ್ಲರಿಗೂ ಒಂದೇ ರೂಪ. ‘ನಡೆಯಲು’ ಎಂಬ ಬರಿಯ ರೂಪದ ಮೇಲೆ ‘ಇಲ್ಲ’ ಕೂತಿದೆ, ಅಷ್ಟೇ. ‘ನಡೆದಲಿಲ್ಲ’ ಎಂದು ಕನ್ನಡದ ಮಗುವೂ ಹೇಳದು. ‘ಡಿಡ್ ನಾಟ್ ವಾಕ್ಟ್’ ಎಂದರೆ ಇಂಗ್ಲಿಷ್ ಕಿವಿಗೆ ‘ನಡೆದಲಿಲ್ಲ’ ಎಂದಂತೆಯೇ ಕೇಳಿಸುತ್ತದೆ.

ಹನ್ನೆರಡು ಬಂದದ್ದು ಎಲ್ಲಿಂದ?

ಮೊದಲ ಪದದ ನಂತರದವು ಯಾವ ರೂಪದಲ್ಲಿರಬೇಕು? ಅದನ್ನು ತೀರ್ಮಾನಿಸುವುದು ಪ್ರತಿಯೊಂದರ ಹಿಂದಿನ ಪದ. ‘ವಿಲ್’, ‘ಕ್ಯಾನ್’, ‘ಮಸ್ಟ್’, ‘ಶುಡ್’, ‘ಡೂ’ ಇವುಗಳ ನಂತರ ಬರಿಯ ರೂಪ. ‘ಹ್ಯಾವ್’ ನಂತರ ಇಡಿ ರೂಪ. ‘ಬಿ’ ನಂತರ ಐಎನ್‌ಜಿ ರೂಪ. ಆಮ್, ಈಸ್, ಆರ್, ವಾಸ್, ವರ್, ಬೀನ್ ಎಲ್ಲವೂ ಆ ‘ಬಿ’ಯ ಅವತಾರಗಳೇ.

ಎಲ್ಲರೂ ಹೆದರುವ ಸಾಲನ್ನೇ ಬಿಡಿಸಿ ನೋಡಿ: ‘ಶೀ ವಿಲ್ ಹ್ಯಾವ್ ಬೀನ್ ವಾಕಿಂಗ್’. ಮೊದಲ ಪದ ‘ವಿಲ್’. ಅದರ ನಂತರ ಬರಿಯ ರೂಪ ಬೇಕು, ಆದ್ದರಿಂದ ‘ಹ್ಯಾವ್’. ಕರ್ತೃ ‘ಶೀ’ ಆದರೂ ‘ಹ್ಯಾಸ್’ ಅಲ್ಲ. ‘ಹ್ಯಾವ್’ ಕೇಳುವುದು ಇಡಿ ರೂಪವನ್ನು. ‘ಬಿ’ಗೆ ಆ ಜಾಗದಲ್ಲಿರುವ ರೂಪ ‘ಬೀನ್’. ‘ಬೀನ್’ ನಂತರ ಐಎನ್‌ಜಿ, ಆದ್ದರಿಂದ ‘ವಾಕಿಂಗ್’. ಇಡೀ ಸಾಲಿನಲ್ಲಿ ಬಾಯಿಪಾಠ ಮಾಡಬೇಕಾದದ್ದು ಏನೂ ಇಲ್ಲ. ಒಂದರ ಬಾಲ ಹಿಡಿದು ಇನ್ನೊಂದು ಬಂದಿದೆ.

ಆ ಹನ್ನೆರಡು ಎಂಬ ಸಂಖ್ಯೆ ಹುಟ್ಟುವುದೂ ಇಲ್ಲಿಂದಲೇ. ಮೊದಲ ಪದಕ್ಕೆ ಮೂರು ಆಯ್ಕೆ: ವರ್ತಮಾನ, ಭೂತ, ಅಥವಾ ‘ವಿಲ್’. ನಡುವೆ ‘ಹ್ಯಾವ್’ ಬೇಕೋ ಬೇಡವೋ ಎಂಬುದು ಎರಡು ಆಯ್ಕೆ. ‘ಬಿ’ ಬೇಕೋ ಬೇಡವೋ ಎಂಬುದು ಇನ್ನೆರಡು. ಮೂರು ಎರಡಲ ಆರು, ಆರು ಎರಡಲ ಹನ್ನೆರಡು. ಹನ್ನೆರಡು ಬೇರೆಬೇರೆ ವಿಷಯಗಳೆಂದು ಕಲಿಸುವುದು ನಿಜವಾಗಿ ಮೂರು ಸಣ್ಣ ಪ್ರಶ್ನೆಗಳು.

‘ವಿಲ್’ ಬಗ್ಗೆ ಒಂದು ಮಾತು. ಇಂಗ್ಲಿಷಿನ ಕ್ರಿಯಾಪದಕ್ಕೆ ಭವಿಷ್ಯತ್ತಿನ ಪ್ರತ್ಯಯವೇ ಇಲ್ಲ. ರೂಪದ ಲೆಕ್ಕದಲ್ಲಿ ಇರುವುದು ವರ್ತಮಾನ, ಭೂತ ಎಂಬ ಎರಡೇ ಕಾಲ ಎಂದು ಅನೇಕ ವ್ಯಾಕರಣಕಾರರು ಹೇಳುತ್ತಾರೆ. ನಮಗೆ ಇದರಲ್ಲಿ ಅಚ್ಚರಿ ಬೇಕಿಲ್ಲ. ‘ನಡೆಯುವೆನು’ ಎಂಬುದು ಹೆಚ್ಚಾಗಿ ಪುಸ್ತಕದಲ್ಲಿದೆ. ಆಡುವಾಗ ‘ದಿನಾ ನಡೆಯುತ್ತೇನೆ’, ‘ನಾಳೆ ನಡೆಯುತ್ತೇನೆ’ ಎರಡಕ್ಕೂ ಒಂದೇ ರೂಪ ಸಾಕಾಗುತ್ತದೆ.

ಕರ್ಮಣಿ ಪ್ರಯೋಗಕ್ಕೂ ಇದೇ ಸರಪಳಿ, ಒಂದು ವ್ಯತ್ಯಾಸದೊಂದಿಗೆ: ‘ಬಿ’ ನಂತರ ಇಡಿ ರೂಪ ಬಂದರೆ ಕೆಲಸ ಮಾಡಿದವರ ಬದಲು ಕೆಲಸಕ್ಕೆ ಒಳಗಾದ ವಸ್ತು ಮುಂದೆ ಬರುತ್ತದೆ. ‘ದ ಡೋರ್ ವಾಸ್ ಪೇಂಟೆಡ್’, ಬಾಗಿಲಿಗೆ ಬಣ್ಣ ಬಳಿಯಲಾಯಿತು.

ನಮ್ಮ ‘ಇರು’, ಅವರ ‘ಬಿ’ ಮತ್ತು ‘ಹ್ಯಾವ್’

ರೂಪ ಕಟ್ಟುವುದು ಸುಲಭ, ಯಾವಾಗ ಯಾವುದು ಎಂಬುದು ಕಷ್ಟ. ಈ ಕಷ್ಟಕ್ಕೆ ಕಾರಣ ಬಹುಮಟ್ಟಿಗೆ ನಮ್ಮ ‘ಇರು’ ಧಾತು.

‘ನಡೆಯುತ್ತಾ’ ಎಂಬುದಕ್ಕೆ ‘ಇರು’ ಸೇರಿಸಿದರೆ ‘ನಡೆಯುತ್ತಿದ್ದೇನೆ’. ‘ನಡೆದು’ ಎಂಬುದಕ್ಕೆ ಅದೇ ‘ಇರು’ ಸೇರಿಸಿದರೆ ‘ನಡೆದಿದ್ದೇನೆ’. ಇಂಗ್ಲಿಷ್ ಮೊದಲನೆಯದಕ್ಕೆ ‘ಬಿ’ಯನ್ನೂ ಎರಡನೆಯದಕ್ಕೆ ‘ಹ್ಯಾವ್’ಅನ್ನೂ ಬಳಸುತ್ತದೆ: ‘ಐ ಆಮ್ ವಾಕಿಂಗ್’, ‘ಐ ಹ್ಯಾವ್ ವಾಕ್ಟ್’. ಇಷ್ಟರ ತನಕ ಎರಡೂ ಭಾಷೆಗಳು ಜೊತೆಜೊತೆಗೆ ಸಾಗುತ್ತವೆ. ಆಮೇಲೆ ದಾರಿ ಕವಲೊಡೆಯುತ್ತದೆ.

‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ.’ ಅಪ್ಪಟ ಕನ್ನಡ. ಇದನ್ನು ಪದಕ್ಕೆ ಪದ ತಿರುಗಿಸಿದಾಗ ಹುಟ್ಟುವುದೇ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯ. ಇದರಲ್ಲಿ ತಪ್ಪು ಎರಡು. ಕೆಲಸ ಹಿಂದೆ ಶುರುವಾಗಿ ಈ ಕ್ಷಣದವರೆಗೆ ಚಾಚಿಕೊಂಡಿದ್ದರೆ ಇಂಗ್ಲಿಷಿಗೆ ‘ಹ್ಯಾವ್’ ಬೇಕೇ ಬೇಕು. ನಮ್ಮಲ್ಲಿ ಆ ಚಾಚಿಕೆಯನ್ನು ‘ಇಂದ’ ಎಂಬ ವಿಭಕ್ತಿ ಪ್ರತ್ಯಯ ಹೇಳುವುದರಿಂದ ಕ್ರಿಯಾಪದ ಸುಮ್ಮನಿದ್ದರೂ ನಡೆಯುತ್ತದೆ. ಇನ್ನು, ಕನ್ನಡದ ‘ಇಂದ’ ಒಂದೇ ಆದರೂ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ಶುರುವಾದ ಕಾಲಬಿಂದು ಹೇಳುವುದಾದರೆ ‘ಸಿನ್ಸ್’: 2019ರಿಂದ, ಸೋಮವಾರದಿಂದ. ಅವಧಿ ಹೇಳುವುದಾದರೆ ‘ಫಾರ್’: ಐದು ವರ್ಷದಿಂದ, ಎರಡು ತಿಂಗಳಿಂದ. ಹಾಗಾಗಿ ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’.

‘ನಿನ್ನೆಯೇ ಮುಗಿಸಿದ್ದೇನೆ’ ಎಂಬುದೂ ಒಳ್ಳೆಯ ಕನ್ನಡವೇ. ಆದರೆ ‘ಐ ಹ್ಯಾವ್ ಫಿನಿಶ್ಡ್ ಇಟ್ ಯೆಸ್ಟರ್ಡೇ’ ಇಂಗ್ಲಿಷಿನಲ್ಲಿ ಸಲ್ಲದು. ವರ್ತಮಾನದ ‘ಹ್ಯಾವ್’ ಇರುವ ವಾಕ್ಯಕ್ಕೆ ಇಂದಿನೊಂದಿಗೆ ನಂಟು ಇರಬೇಕು. ‘ನಿನ್ನೆ’, ‘ಹೋದ ವಾರ’, ‘1998ರಲ್ಲಿ’ ಎಂಬಂಥ ಮುಗಿದುಹೋದ ಕಾಲದ ಪದಗಳು ಆ ನಂಟನ್ನು ಕತ್ತರಿಸುತ್ತವೆ. ಮುಗಿದ ಕಾಲ ಹೇಳಿದರೆ ‘ಐ ಫಿನಿಶ್ಡ್ ಇಟ್ ಯೆಸ್ಟರ್ಡೇ’. ಕಾಲ ಹೇಳದೆ ಕೆಲಸ ಆಗಿದೆ ಎಂದಷ್ಟೇ ತಿಳಿಸುವುದಾದರೆ ‘ಐ ಹ್ಯಾವ್ ಫಿನಿಶ್ಡ್ ಇಟ್’.

ಇನ್ನೂ ಸೂಕ್ಷ್ಮವಾದದ್ದು ‘ಹ್ಯಾಡ್’. ‘ನಿನ್ನೆ ಬ್ಯಾಂಕಿಗೆ ಫೋನ್ ಮಾಡಿದ್ದೆ’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಆ ‘ಇದ್ದೆ’ಯೇ ‘ಐ ಹ್ಯಾಡ್ ಕಾಲ್ಡ್ ದ ಬ್ಯಾಂಕ್ ಯೆಸ್ಟರ್ಡೇ’ ಆಗಿ ಹೊರಬರುತ್ತದೆ. ಕೇಳಿದ ಇಂಗ್ಲಿಷಿನವರು ‘ಆಮೇಲೆ?’ ಎಂದು ಕಾಯುತ್ತಾರೆ. ಏಕೆಂದರೆ ‘ಹ್ಯಾಡ್’ ಬರಬೇಕಾದರೆ ಹಿಂದಿನ ಎರಡು ಘಟನೆಗಳಿರಬೇಕು, ಅವುಗಳಲ್ಲಿ ಮೊದಲು ನಡೆದದ್ದಕ್ಕೆ ಮಾತ್ರ ಅದು ಸಲ್ಲುತ್ತದೆ. ‘ನಾವು ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟಿತ್ತು’ ಎಂಬಲ್ಲಿ ತಲುಪಿದ್ದು ‘ರೀಚ್ಡ್’, ಅದಕ್ಕೂ ಮೊದಲು ಹೊರಟದ್ದು ‘ಹ್ಯಾಡ್ ಸ್ಟಾರ್ಟೆಡ್’. ಬ್ಯಾಂಕಿನ ವಿಷಯದಲ್ಲಿ ಇರುವುದು ಒಂದೇ ಘಟನೆ; ‘ಐ ಕಾಲ್ಡ್’ ಸಾಕು.

‘ಬಾಲ್ಯದಲ್ಲಿ ಶಾಲೆಗೆ ನಡೆದೇ ಹೋಗುತ್ತಿದ್ದೆವು’ ಎಂಬ ವಾಕ್ಯವೂ ಹೀಗೇ ಮೋಸ ಮಾಡುತ್ತದೆ. ನಮ್ಮ ‘ಉತ್ತಿದ್ದೆವು’ ಆಗ ಸಾಗಿದ್ದ ಕೆಲಸಕ್ಕೂ ಆಗಿನ ರೂಢಿಗೂ ಒಂದೇ. ಇಂಗ್ಲಿಷಿನಲ್ಲಿ ‘ವೀ ವರ್ ವಾಕಿಂಗ್’ ಎಂದರೆ ನಡೆಯುತ್ತಿದ್ದ ಒಂದು ಹೊತ್ತಿನ ಮಾತು, ಆಗ ಮಳೆ ಬಂತು ಎಂದೋ ನಾಯಿ ಅಟ್ಟಿಸಿಕೊಂಡು ಬಂತು ಎಂದೋ ಮುಂದುವರಿಯಬೇಕು. ರೂಢಿಗೆ ‘ವೀ ವಾಕ್ಟ್ ಟು ಸ್ಕೂಲ್’ ಅಥವಾ ‘ವೀ ಯೂಸ್ಡ್ ಟು ವಾಕ್’.

ಅಕ್ಷರದ ಮಾತು ಚಿಕ್ಕದು

ಬರೆಯುವಾಗಿನ ನಿಯಮಗಳು ಕೆಲವೇ. ‘ಲವ್’ ಪದದಂತೆ ಕೊನೆಯಲ್ಲಿ ಆಗಲೇ ಇ ಇದ್ದರೆ ಡಿ ಮಾತ್ರ ಸೇರಿಸಿ; ಐಎನ್‌ಜಿ ಬಂದಾಗ ಆ ಇ ಬಿದ್ದುಹೋಗುತ್ತದೆ. ‘ಟ್ರೈ’ ಪದದಂತೆ ವ್ಯಂಜನದ ಮುಂದೆ ವೈ ಇದ್ದರೆ ಇಡಿ ಬರುವಾಗ ಅದು ಐ ಆಗುತ್ತದೆ. ‘ಪ್ಲೇ’ಯಲ್ಲಿ ವೈ ಹಿಂದೆ ಸ್ವರವಿರುವುದರಿಂದ ಬದಲಾಗದು. ‘ಸ್ಟಾಪ್’ ಪದದ ಪಿ ಇಮ್ಮಡಿಯಾಗುತ್ತದೆ. ‘ವಿಸಿಟ್’ ಪದದ ಟಿ ಆಗುವುದಿಲ್ಲ, ಏಕೆಂದರೆ ಅಲ್ಲಿ ಒತ್ತು ಮೊದಲ ಭಾಗದ ಮೇಲಿದೆ. ‘ಅಡ್ಮಿಟ್’ನಲ್ಲಿ ಒತ್ತು ಕೊನೆಗಿರುವುದರಿಂದ ಆಗುತ್ತದೆ. ‘ಟ್ರಾವೆಲ್’ಗೆ ಬ್ರಿಟಿಷರು ಎಲ್ ಇಮ್ಮಡಿ ಮಾಡುತ್ತಾರೆ, ಅಮೆರಿಕನ್ನರು ಮಾಡುವುದಿಲ್ಲ.

ಕಿವಿಗೆ ಮೂರು, ಕಣ್ಣಿಗೆ ಒಂದು

ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ. ಆ ಅಭ್ಯಾಸದಿಂದಲೇ ‘ವಾಕೆಡ್’, ‘ಹೆಲ್ಪೆಡ್’, ‘ವಾಶೆಡ್’ ಎಂಬ ಉಚ್ಚಾರಣೆಗಳು ಬಂದಿವೆ. ಇಡಿಗೆ ಇಂಗ್ಲಿಷಿನಲ್ಲಿ ಮೂರು ಧ್ವನಿಗಳಿವೆ. ಯಾವುದು ಎಲ್ಲಿ ಎಂದು ತಿಳಿಯಲು ನಮ್ಮ ವರ್ಣಮಾಲೆಗಿಂತ ಒಳ್ಳೆಯ ಕೈಪಿಡಿ ಇಲ್ಲ.

ವರ್ಗೀಯ ವ್ಯಂಜನಗಳ ಪ್ರತಿ ಸಾಲಿನಲ್ಲಿ ಮೊದಲೆರಡು ಅಘೋಷ, ಉಳಿದ ಮೂರು ಘೋಷ. ಗಂಟಲಿಗೆ ಬೆರಳಿಟ್ಟುಕೊಂಡು ‘ಸ್’ ಎಂದು ಎಳೆಯಿರಿ, ಕಂಪನವಿಲ್ಲ. ‘ಮ್’ ಎಂದು ಎಳೆಯಿರಿ, ಕಂಪಿಸುತ್ತದೆ. ಕ್ರಿಯಾಪದ ಕ್, ಪ್, ಚ್, ಶ್, ಸ್ ಮುಂತಾದ ಅಘೋಷದಲ್ಲಿ ಮುಗಿದರೆ ಇಡಿ ಕೂಡ ಅಘೋಷವಾಗಿ ‘ಟ್’ ಆಗುತ್ತದೆ: ವಾಕ್ಟ್, ಹೆಲ್ಪ್ಟ್, ವಾಶ್ಟ್. ಗ್, ಬ್, ಮ್, ನ್, ಲ್, ವ್ ಅಥವಾ ಸ್ವರದಲ್ಲಿ ಮುಗಿದರೆ ‘ಡ್’: ಕಾಲ್ಡ್, ಓಪನ್ಡ್, ಪ್ಲೇಡ್. (ಮೇಲೆ ‘ಫಿನಿಶ್ಡ್’, ‘ರೀಚ್ಡ್’ ಎಂದು ರೂಢಿಯ ಬರಹ ಬಳಸಿದ್ದೇನೆ, ಬಾಯಲ್ಲಿ ಅವೂ ‘ಟ್’ ಆಗುತ್ತವೆ.) ಮೊದಲೇ ಟ್ ಅಥವಾ ಡ್ ಇದ್ದರೆ ಇನ್ನೊಂದು ಡ್ ಕೇಳಿಸದೆ ಹೋಗುತ್ತದೆಂದು ನಡುವೆ ಸ್ವರ ಬರುತ್ತದೆ: ವಾಂಟೆಡ್, ನೀಡೆಡ್. ಇಲ್ಲಿ ಮಾತ್ರ ಆ ಇ ಬಾಯಿಗೆ ಬರಬೇಕು.

ಎಸ್ ನಡೆಯುವುದೂ ಇದೇ ದಾರಿಯಲ್ಲಿ. ಅಘೋಷದ ನಂತರ ‘ಸ್’, ಘೋಷದ ಮತ್ತು ಸ್ವರದ ನಂತರ ‘ಜ಼್’, ಸ್, ಶ್, ಚ್‌ಗಳಂಥ ಧ್ವನಿಗಳ ನಂತರ ನಡುವೆ ಸ್ವರ ಸೇರಿಸಿ ‘ಇಜ಼್’.

ಅಮೆರಿಕದ ಭಾಷಾವಿಜ್ಞಾನಿ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗ ಇಲ್ಲಿ ನೆನಪಾಗುತ್ತದೆ. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಅವರು ಇಂಗ್ಲಿಷಿನಲ್ಲಿಲ್ಲದ ಕ್ರಿಯಾಪದಗಳನ್ನು ಕೊಟ್ಟು ಭೂತಕಾಲ ಕೇಳಿದರು. ‘ರಿಕ್’ ಎಂಬ ಹುಸಿಪದಕ್ಕೆ ಮಕ್ಕಳು ‘ರಿಕ್ಟ್’ ಎಂದರು. ಹಿಂದೆಂದೂ ಕೇಳದ ಪದವಾದರೂ ನಿಯಮ ಅವರೊಳಗಿತ್ತು. ಟ್‌ನಲ್ಲಿ ಮುಗಿಯುವ ‘ಮಾಟ್’ ಎಂಬುದಕ್ಕೆ ‘ಮಾಟೆಡ್’ ಎನ್ನಲು ಅದೇ ಮಕ್ಕಳು ಬಹಳ ತಡವರಿಸಿದರು. ಅಂದರೆ ಮಾತೃಭಾಷಿಕರ ಮಕ್ಕಳಿಗೂ ಮೂರನೆಯ ಧ್ವನಿ ತಡವಾಗಿಯೇ ಒಗ್ಗುತ್ತದೆ.

ಭೂತಕಾಲಕ್ಕೆ ತ, ದ ಎಂಬ ಧ್ವನಿಗಳು ಕನ್ನಡದಲ್ಲೂ ಇವೆ. ನಡೆ–ನಡೆದ, ಬರೆ–ಬರೆದ, ಆದರೆ ಮರೆ–ಮರೆತ, ಬೆರೆ–ಬೆರೆತ. ಎರಡು ಭಾಷೆಗಳ ಕುಟುಂಬಗಳೇ ಬೇರೆ, ಹೋಲಿಕೆ ಕಾಕತಾಳೀಯ. ಆದರೆ ಎಲ್ಲಿ ದ, ಎಲ್ಲಿ ತ ಎಂದು ಕನ್ನಡ ಕಲಿಯುವ ಹೊರಗಿನವರು ಒಂದೊಂದೇ ಪದವನ್ನು ನೆನಪಿಡಬೇಕು. ಇಂಗ್ಲಿಷಿನಲ್ಲಿ ಪದದ ಕೊನೆಯ ಧ್ವನಿಯೇ ಉತ್ತರ ಹೇಳಿಬಿಡುತ್ತದೆ.

ನಿಯಮಿತವೆಂದು ತಿಳಿಯುವುದು ಹೇಗೆ?

ನಿಯಮಿತ ಕ್ರಿಯಾಪದಗಳ ಗುಂಪು ಬೆಳೆಯುತ್ತಲೇ ಬಂದಿದೆ. ಇಂದು ನಿಯಮಿತವಾಗಿರುವ ‘ಹೆಲ್ಪ್’ ಹಿಂದೆ ಅನಿಯಮಿತವಾಗಿತ್ತು. 1611ರ ಬೈಬಲಿನಲ್ಲಿ ‘ಹೋಲ್ಪನ್’ ಎಂಬ ಹಳೆಯ ರೂಪ ಇನ್ನೂ ಇದೆ. 2007ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿಯಿತು. ಅವುಗಳಲ್ಲಿ ಇಂದಿಗೂ ಅನಿಯಮಿತವಾಗಿ ಉಳಿದವು 98. ಬಳಕೆ ಕಡಿಮೆಯಿದ್ದಷ್ಟೂ ಪದ ಬೇಗ ನಿಯಮಕ್ಕೆ ಒಳಪಡುತ್ತದೆ ಎಂಬುದು ಆ ಅಧ್ಯಯನದ ಲೆಕ್ಕ: ನೂರು ಪಟ್ಟು ಕಡಿಮೆ ಬಳಕೆಯ ಪದ ಹತ್ತು ಪಟ್ಟು ವೇಗವಾಗಿ. ‘ಗೋ’, ‘ಕಮ್’, ‘ಈಟ್’ ಹಟ ಹಿಡಿದು ಉಳಿದಿರುವುದು ಜನ ಅವನ್ನು ದಿನವೂ ಆಡುವುದರಿಂದ.

ಹೊಸದಾಗಿ ಬರುವ ಕ್ರಿಯಾಪದಗಳಂತೂ ಸಾಮಾನ್ಯವಾಗಿ ಈ ಗುಂಪಿಗೇ ಸೇರುತ್ತವೆ. ‘ಗೂಗಲ್’ ಕ್ರಿಯಾಪದವಾದಾಗ ‘ಗೂಗಲ್ಡ್’ ಆಯಿತು, ಯಾರನ್ನೂ ಕೇಳಲಿಲ್ಲ. ನಾವೂ ಅನ್ಯಭಾಷೆಯ ಪದಕ್ಕೆ ‘ಇಸು’ ಹಚ್ಚಿ ‘ಆರಂಭಿಸಿದ’, ‘ಚಿಂತಿಸಿದ’ ಎಂದು ಒಂದೇ ಅಚ್ಚಿಗೆ ಹಾಕುತ್ತೇವಲ್ಲ, ಹಾಗೆ.

ಗೊತ್ತಿಲ್ಲದ ಕ್ರಿಯಾಪದ ಎದುರಾದರೆ ಕಲಿಯುವವರಿಗಾಗಿ ಮಾಡಿದ ಒಳ್ಳೆಯ ನಿಘಂಟು ತೆರೆಯಿರಿ. ಅನಿಯಮಿತವಾದರೆ ಅದರ ಭೂತಕಾಲದ ರೂಪಗಳನ್ನು ಪದದ ಪಕ್ಕದಲ್ಲೇ ಕೊಟ್ಟಿರುತ್ತಾರೆ. ಏನೂ ಕೊಟ್ಟಿಲ್ಲವೆಂದರೆ ಅಥವಾ ಬರಹದ ಬದಲಾವಣೆಯನ್ನಷ್ಟೇ ತೋರಿಸಿದ್ದರೆ ಅದು ನಿಯಮಿತ. ಇಡಿ ಸೇರಿಸಿ, ಕೊನೆಯ ಧ್ವನಿ ನೋಡಿ ಉಚ್ಚರಿಸಿ.